ಹಳೆಯ ಮಸೂರಕ್ಕೆ ನಮ್ಮ ಕೈಗೆಲಸ

(ಸಂಘದ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣದ ಪಾಠ)



ಹಳೆಯ ಕ್ಯಾಮೆರಾ ಮಸೂರಗಳನ್ನು ಮನೆಯಲ್ಲೇ ಬಿಚ್ಚಿ, ಶುಚಿ ಮಾಡಿ, ನಮ್ಮ ಉಪಯೋಗಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದು ಹೇಗೆಂಬುದು ಇಂದಿನ ವಿಷಯ. ಇದನ್ನು ಫಲಕದ ಮೇಲೆ ಬರೆದಾಗ ಹಿರಿಯರೊಬ್ಬರು, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳಿಯೇ ಮುಂದೆ ಹೋಗುವುದು ಮರ್ಯಾದೆ.

ನಮ್ಮ ನಮ್ಮ ಮನೆಗಳಲ್ಲಿರುವ ಫೋಟೋಗಳನ್ನು ನೆನೆಸಿಕೊಳ್ಳೋಣ. ಮದುವೆಯದೊಂದು, ಮಕ್ಕಳ ಶಾಲೆಯದೊಂದು, ಗುರುತಿನ ಚೀಟಿಗೆಂದು ತೆಗೆಸಿದ್ದೊಂದು. ಎಲ್ಲದರಲ್ಲೂ ನಾವು ಬೇರೆಯವರು ನಿಲ್ಲಿಸಿದ ಕಡೆ ನಿಂತಿದ್ದೇವೆ. ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸುವ ಭಟ್ಟರ ಮುಖ, ಹಿಟ್ಟು ರುಬ್ಬುವವನ ತೋಳು, ರಾತ್ರಿ ಮೇಜು ಒರೆಸಿ ಅದರ ಮೇಲೆಯೇ ಮಲಗುವ ಹುಡುಗನ ನಿದ್ದೆ, ಇವು ಯಾವ ಗೋಡೆಯ ಮೇಲೂ ಇಲ್ಲ. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದ ನಂತರ ಈ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಗ್ಗದ ಮುಂದೆ ಮೂವತ್ತು ವರ್ಷ ನಿಂತ ತಂದೆಯ ಒಂದೇ ಒಂದು ಚಿತ್ರ, ಆ ಮಗ್ಗದ ಜೊತೆಗೇ ತೆಗೆದದ್ದು, ಎಷ್ಟು ಜನರ ಮನೆಯಲ್ಲಿದೆ? ಮಗ್ಗಗಳು ಹೋದವು. ಅವನ್ನು ನಡೆಸಿದವರು ಕೆಲವರು ಈಗಲೂ ನಮ್ಮ ನಡುವೆ ಇದ್ದಾರೆ. ಅವರ ಮುಖವನ್ನು, ಕೈಯನ್ನು ನಾವು ತೆಗೆಯದಿದ್ದರೆ ಬೇರೆ ಯಾರೋ ಬಂದು ತೆಗೆಯುತ್ತಾರೆಂದು ಕಾಯುವುದು ವ್ಯರ್ಥ.

"ಫೋನು ಇದೆಯಲ್ಲ?" ಎನ್ನುವಿರಿ. ಇದೆ. ಹಗಲಿನಲ್ಲಿ ಅದು ಸಾಕು. ಆದರೆ ನಮ್ಮ ಕೆಲಸ ನಡೆಯುವುದು ಮಂದ ಬೆಳಕಿನಲ್ಲಿ. ಅಲ್ಲಿ ಫೋನು ತನ್ನ ಲೆಕ್ಕಾಚಾರದಿಂದ ಮುಖದ ಸುಕ್ಕನ್ನೆಲ್ಲ ನುಣ್ಣಗೆ ಸವರಿಬಿಡುತ್ತದೆ. ಕ್ಯಾಮೆರಾದ ಜೊತೆ ಸಾಮಾನ್ಯವಾಗಿ ಕೊಡುವ ಜೂಮ್ ಮಸೂರವೂ ಮಂದ ಬೆಳಕಿಗೆ ಸೋಲುತ್ತದೆ. ಅದನ್ನು ಪೂರ್ತಿ ಚಾಚಿದಾಗ ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ಹೆಚ್ಚೆಂದರೆ ಎಫ್ 5.6ರಷ್ಟು ತೆರೆಯುತ್ತದೆ. ಐವತ್ತು ವರ್ಷದ ಹಿಂದಿನ ಒಂದು ಸಾಧಾರಣ ಮಸೂರ ಎಫ್ 2ರಷ್ಟು ತೆರೆಯುತ್ತದೆ. ಈ ಎರಡು ಅಂಕೆಗಳ ಭಾಗಲಬ್ಧದ ವರ್ಗ ಮಾಡಿ ನೋಡಿ: ಸುಮಾರು ಎಂಟು ಪಟ್ಟು ಹೆಚ್ಚು ಬೆಳಕು. ಅಷ್ಟು ಬೆಳಕು ಕೊಡುವ ಹೊಸ ಮಸೂರ ಬೇಕೆಂದರೆ ಕಂತಿನ ಸಾಲ. ಹಳೆಯದಾದರೆ ಚೋರ್ ಬಜಾರಿನಲ್ಲಿಯೋ ಕೋಟೆಯ ಬೋರಾ ಬಜಾರಿನ ಅಂಗಡಿಗಳಲ್ಲಿಯೋ ಧೂಳು ಹಿಡಿದು ಕೂತಿರುತ್ತದೆ. ಆದ್ದರಿಂದ ಹಿರಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಇದು ಕೊಂಡು ಮುಡಿಯುವ ಮಲ್ಲಿಗೆಯಲ್ಲ, ನಮ್ಮ ಕೈಗೆ ಆಗಲೇ ಹತ್ತಿರುವ ವಿದ್ಯೆಯ ಇನ್ನೊಂದು ಉಪಯೋಗ.

ಒಳ್ಳೆಯ ಮಸೂರಗಳು ಹೀಗೆ ಅನಾಥವಾದದ್ದೇಕೆ ಎಂಬುದನ್ನು ಮೊದಲು ತಿಳಿಯಬೇಕು. 1949ರ ಹೊತ್ತಿಗೆ ಜರ್ಮನಿಯ ಡ್ರೆಸ್ಡೆನ್ ಪಟ್ಟಣದಲ್ಲಿ ತಯಾರಾದ ಕ್ಯಾಮೆರಾಗಳಿಗೆ ಒಂದು ತಿರುಪಿನ ಬಾಯಿ ಇತ್ತು. ಅಗಲ 42 ಮಿಲಿಮೀಟರು, ಮರೆಯಿಂದ ಮರೆಗೆ 1 ಮಿಲಿಮೀಟರು. ಅದಕ್ಕೇ ಎಂ 42 ಎಂಬ ಹೆಸರು. ಪೂರ್ವ ಜರ್ಮನಿ, ಜಪಾನ್, ಸೋವಿಯತ್ ದೇಶ, ಎಲ್ಲ ಕಡೆಯ ಕಾರ್ಖಾನೆಗಳೂ ಇದೇ ತಿರುಪನ್ನು ಬಳಸಿದವು. ಆಮೇಲೆ ಕಂಪನಿಗಳು ಒಂದೊಂದೂ ತನ್ನದೇ ಬೀಗದ ಬಾಯಿ ಮಾಡಿಕೊಂಡವು. ಪೆಂಟಾಕ್ಸ್ 1975ರಲ್ಲಿ ತಿರುಪನ್ನು ಬಿಟ್ಟು ಕೆ ಮೌಂಟಿಗೆ ಬಂತು. ಕ್ಯಾನನ್ 1987ರಲ್ಲಿ ತನ್ನದೇ ಹಳೆಯ ಎಫ್‌ಡಿ ಬಾಯಿಯನ್ನು ಕೈಬಿಟ್ಟು ಇಎಫ್ ಎಂಬ ಹೊಸದನ್ನು ತಂದಿತು. ಗಾಜು ಕೆಟ್ಟಿರಲಿಲ್ಲ, ಉಂಗುರ ಸವೆದಿರಲಿಲ್ಲ. ಬಾಯಿ ಕೂಡಲಿಲ್ಲವೆಂಬ ಒಂದೇ ಕಾರಣಕ್ಕೆ ಲಕ್ಷಾಂತರ ಮಸೂರಗಳು ಪೆಟ್ಟಿಗೆ ಸೇರಿದವು. ಆಡಳಿತ ಬದಲಾದಾಗ ಕೆಲಸ ಬಲ್ಲ ಫಿಟರನು ಮನೆಗೆ ಹೋದಂತೆ.

ಅವು ಮತ್ತೆ ಹೊರಗೆ ಬಂದದ್ದು ಕನ್ನಡಿಯಿಲ್ಲದ ಕ್ಯಾಮೆರಾಗಳಿಂದ. 2008ರಲ್ಲಿ ಪ್ಯಾನಸೋನಿಕ್, 2010ರಲ್ಲಿ ಸೋನಿ ಇಂಥವನ್ನು ಮಾರುಕಟ್ಟೆಗೆ ತಂದವು. ಒಳಗಿನ ಕನ್ನಡಿಯನ್ನು ತೆಗೆದುಹಾಕಿದ್ದರಿಂದ ಕ್ಯಾಮೆರಾದ ಹೊಟ್ಟೆ ತೆಳ್ಳಗಾಯಿತು. ಇದರಿಂದ ನಮಗೇನು ಲಾಭ?

ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಟ್ಟವರಿಗೆ ಇದು ಗೊತ್ತು: ಗಾಜಿಗೂ ಕಾಗದಕ್ಕೂ ಒಂದು ನಿಶ್ಚಿತ ಅಂತರವಿದ್ದಾಗ ಮಾತ್ರ ಬಿಸಿಲು ಚುಕ್ಕೆಯಾಗಿ ಕೂಡುತ್ತದೆ. ಕ್ಯಾಮೆರಾದಲ್ಲೂ ಹಾಗೆಯೇ. ಮಸೂರ ಕೂಡುವ ಬಾಯಿಗೂ ಹಿಂದಿನ ಫಿಲ್ಮಿಗೂ, ಈಗ ಸೆನ್ಸರ್ ಎನ್ನುತ್ತೇವೆ, ನಿಶ್ಚಿತ ಅಂತರವಿರಬೇಕು. ಎಂ 42ಕ್ಕೆ ಈ ಅಂತರ 45.46 ಮಿಲಿಮೀಟರು. ಸೋನಿಯ ಇ ಬಾಯಿಗೆ ಬರೀ 18. ಒಂದರಿಂದ ಒಂದನ್ನು ಕಳೆದರೆ 27.46 ಉಳಿಯಿತು. ಅಷ್ಟು ಉದ್ದದ ಖಾಲಿ ಕೊಳವೆಯೊಂದನ್ನು ನಡುವೆ ಇಟ್ಟರೆ ಹಳೆಯ ಮಸೂರ ತನ್ನ ಮನೆಯಲ್ಲೇ ಇದ್ದಂತೆ ಕೆಲಸ ಮಾಡುತ್ತದೆ. ಅಡಾಪ್ಟರ್ ಎಂದು ಮಾರುವುದು ಇದನ್ನೇ. ಅದರೊಳಗೆ ಗಾಜಿಲ್ಲ, ತಂತಿಯಿಲ್ಲ.

ಕನ್ನಡಿಯುಳ್ಳ ಕ್ಯಾಮೆರಾ ಇಟ್ಟುಕೊಂಡವರು ಈ ಲೆಕ್ಕವನ್ನು ಕೊಳ್ಳುವ ಮುಂಚೆಯೇ ಮಾಡಬೇಕು. ಕ್ಯಾನನ್ ಇಎಫ್ ಬಾಯಿಯ ಅಂತರ 44 ಮಿಲಿಮೀಟರು. ಎಂ 42ಕ್ಕೆ 1.46 ಮಿಲಿಮೀಟರು ದಪ್ಪದ ಬಿಲ್ಲೆಯಂಥ ಉಂಗುರ ಸಾಕು. ಆದರೆ ಕೆಲವು ಮಸೂರಗಳ ಹಿಂಭಾಗ ಕನ್ನಡಿಗೆ ತಗಲುವುದುಂಟು. ನಿಕಾನ್ ಎಫ್ ಬಾಯಿಯದು 46.5, ಅಂದರೆ ಎಂ 42ಕ್ಕಿಂತ 1.04 ಹೆಚ್ಚು. ಇಲ್ಲಿ ಉಂಗುರಕ್ಕೆ ಜಾಗವೇ ಇಲ್ಲ. ಬಲವಂತವಾಗಿ ಕೂಡಿಸಿದರೆ 58 ಮಿಲಿಮೀಟರಿನ ಮಸೂರವೊಂದು ಮೂರು ಮೀಟರು ಚಿಲ್ಲರೆಯಿಂದಾಚೆ ಏನನ್ನೂ ಸ್ಪಷ್ಟವಾಗಿ ತೋರಿಸದು. ಹತ್ತಿರದ ಮುಖ ಬರುತ್ತದೆ, ಬೀದಿ ಬರುವುದಿಲ್ಲ. ಅಂಗಡಿಯಲ್ಲಿ "ಕೂಡುತ್ತದೆ" ಎನ್ನುತ್ತಾರೆ. ಕೂಡುವುದು ಬೇರೆ, ಕೆಲಸ ಮಾಡುವುದು ಬೇರೆ ಎಂಬುದನ್ನು ಗಿರಣಿಯಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ.

ಇನ್ನು ಕಲಿಯಲು ತಕ್ಕ ಮಸೂರ ಯಾವುದು? ಹೀಲಿಯೋಸ್ 44-2 ಎಂದು ನಾವು ಹೇಳುತ್ತೇವೆ. ಜರ್ಮನಿಯ ಜೈಸ್ ಕಂಪನಿಯ ಬಯೋಟಾರ್ ಎಂಬ ಮಸೂರದ ವಿನ್ಯಾಸವನ್ನು ಎರಡನೆಯ ಮಹಾಯುದ್ಧದ ನಂತರ ಸೋವಿಯತ್ತಿನವರು ತಮ್ಮದಾಗಿಸಿಕೊಂಡು, ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯಲ್ಲೂ ಬೇರೆ ಕಡೆಯೂ ಈ ಸಾಲಿನ ಮಸೂರಗಳನ್ನು ದಶಕಗಳ ಕಾಲ ತಯಾರಿಸಿದರು. ಝೆನಿಟ್ ಕ್ಯಾಮೆರಾದ ಜೊತೆ ಅದು ದೇಶ ದೇಶಕ್ಕೂ ಹೋಯಿತು. 58 ಮಿಲಿಮೀಟರು, ಎಫ್ 2, ನಾಲ್ಕು ಗುಂಪುಗಳಲ್ಲಿ ಆರು ಗಾಜು, ಕಿಂಡಿಗೆ ಎಂಟು ಎಲೆ. ಅರ್ಧ ಮೀಟರಿನಷ್ಟು ಹತ್ತಿರದ ವಸ್ತುವನ್ನೂ ಹಿಡಿಯುತ್ತದೆ. ರಚನೆ ಸರಳ, ಬೆಲೆ ಕಡಿಮೆ, ಕೆಟ್ಟರೆ ಇನ್ನೊಂದು ಸಿಗುತ್ತದೆ. ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಅದು ಒಂದು ಮುಖಕ್ಕೆ, ಎರಡು ಕೈಗೆ ಸರಿ. ಇಕ್ಕಟ್ಟಾದ ಅಡುಗೆಮನೆಯನ್ನೆಲ್ಲ ಒಂದೇ ಚಿತ್ರದಲ್ಲಿ ಹಿಡಿಯಲು ಅದರಿಂದಾಗದು.

ಉಪಕರಣಗಳ ವಿಷಯ. ನಾಗದೇವಿ ಬೀದಿಗೆ ಒಮ್ಮೆ ಹೋಗಿಬಂದರೆ ಬೇಕಾದ್ದೆಲ್ಲ ಸಿಗುತ್ತದೆ. ಗಡಿಯಾರ ರಿಪೇರಿಯವರು ಬಳಸುವಂಥ ಸಣ್ಣ ತಿರುಪುಳಿಗಳು ಬೇಕು. ಜಪಾನಿನ ಮಸೂರಗಳ ಕೂಡುಗೆರೆ ತಿರುಪುಗಳಿಗೆ ಅಲ್ಲಿನದೇ ಅಳತೆಯ ತಿರುಪುಳಿ ಹಾಕಬೇಕು. ಸಾಮಾನ್ಯದ್ದು ಜಾರಿ ತಲೆಯನ್ನು ತಿಂದುಹಾಕುತ್ತದೆ. ಗಾಜನ್ನು ಹಿಡಿದಿರುವ ಉಂಗುರಗಳಲ್ಲಿ ಎದುರುಬದುರಾಗಿ ಎರಡು ಕಚ್ಚುಗಳಿರುತ್ತವೆ. ಅವನ್ನು ತಿರುಗಿಸಲು ಎರಡು ಮೊನೆಯ ಸ್ಪ್ಯಾನರ್ ಬೇಕು. ಕೊಳ್ಳದಿದ್ದರೂ ಚಿಂತೆಯಿಲ್ಲ: ಕೆಲಸಕ್ಕೆ ಬಾರದ ಹಳೆಯ ವರ್ನಿಯರ್ ಕ್ಯಾಲಿಪರಿನ ತುದಿಗಳನ್ನು ಸಾಣೆ ಹಿಡಿದರೆ ಅದೇ ಸ್ಪ್ಯಾನರ್ ಆಗುತ್ತದೆ. ಮುಂದಿನ ಹೆಸರಿನ ಉಂಗುರಕ್ಕೆ ಕಚ್ಚಿರದಿದ್ದರೆ ಸರಿಯಾದ ಅಳತೆಯ ರಬ್ಬರ್ ಬಿರಡೆಯನ್ನು ಒತ್ತಿ ತಿರುಗಿಸಬೇಕು. ಬಿಚ್ಚಿದ ತಿರುಪುಗಳನ್ನಿಡಲು ಇಡ್ಲಿ ತಟ್ಟೆಗಿಂತ ಒಳ್ಳೆಯ ಸಾಮಾನು ನಮಗೆ ಕಂಡಿಲ್ಲ. ಮೊದಲ ಗುಳಿಯಲ್ಲಿ ಮೊದಲು ಬಿಚ್ಚಿದ್ದು, ಎರಡನೆಯದರಲ್ಲಿ ಎರಡನೆಯದು. ಜೋಡಿಸುವಾಗ ಕಡೆಯ ಗುಳಿಯಿಂದ ಹಿಂದಕ್ಕೆ ಬಂದರಾಯಿತು. ಪ್ರತಿ ಹೆಜ್ಜೆಗೂ ಫೋನಿನಲ್ಲಿ ಒಂದು ಚಿತ್ರ ತೆಗೆದಿಡಿ. ಇಲ್ಲಿ ಫೋನು ನಿಜವಾಗಿ ಉಪಕಾರಿ.

ಹಳೆಯ ಮಸೂರದ ಮೊದಲ ರೋಗ ಗಟ್ಟಿಯಾದ ಗ್ರೀಸು. ಫೋಕಸ್ ಉಂಗುರ ಸಿಕ್ಕಿಕೊಂಡಿದ್ದರೆ ಒಳಗಿನ ತಿರುಪಿನ ಕೊಳವೆಗಳನ್ನು ಬಿಚ್ಚಿ ಹಳೆಯ ಗ್ರೀಸನ್ನು ತೊಳೆಯಬೇಕು. ಎಚ್ಚರ ಬೇಕಾದದ್ದು ಇಲ್ಲಿಯೇ. ಈ ತಿರುಪಿಗೆ ಒಂದೇ ಬಾಯಿಯಲ್ಲ, ಹಲವು ಬಾಯಿಗಳಿರುತ್ತವೆ. ಎಲ್ಲಿ ಹಾಕಿದರೂ ಕಚ್ಚಿಕೊಳ್ಳುತ್ತದೆ, ಸರಿಯಾದ್ದು ಮಾತ್ರ ಒಂದೇ. ಆದ್ದರಿಂದ ಕೊಳವೆಗಳು ಬೇರೆಯಾಗುವ ಕ್ಷಣದಲ್ಲಿ ಎರಡರ ಮೇಲೂ ಸೂಜಿಯಿಂದ ಗುರುತು ಗೀರಿ. ತೊಳೆಯಲು ಸಿಗರೇಟ್ ಲೈಟರಿಗೆ ಹಾಕುವ ದ್ರವ ಒಳ್ಳೆಯದು. ಅದು ಬೆಂಕಿಗೆ ಹಾತೊರೆಯುವ ವಸ್ತು. ಹೊಟೇಲಿನ ಅಡುಗೆಮನೆಯಲ್ಲಿ, ಒಲೆಯ ಹತ್ತಿರ, ಬೀಡಿ ಹಚ್ಚಿಕೊಂಡವರ ಪಕ್ಕದಲ್ಲಿ ಈ ಕೆಲಸ ಸರ್ವಥಾ ಕೂಡದು. ಕಿಟಕಿ ತೆರೆದಿರಲಿ.

ತೊಳೆದ ಮೇಲೆ ಹೊಸ ಗ್ರೀಸನ್ನು ಕೂದಲೆಳೆಯಷ್ಟು ಸವರಿ. ಗಿರಣಿಯವರಿಗೆ ಒಂದು ಮಾತು: ತಿರುಗುವುದಕ್ಕೆಲ್ಲ ಎಣ್ಣೆ ಬಿಡಬೇಕೆಂಬುದು ನಮಗೆ ಅಭ್ಯಾಸ. ಮಸೂರದಲ್ಲಿ ಆ ಅಭ್ಯಾಸ ಬಿಡಬೇಕು. ಕಿಂಡಿಯ ಎಲೆಗಳು ಪೂರ್ತಿ ಒಣಗಿರಬೇಕು. ಯಂತ್ರದ ಎಣ್ಣೆಯಾಗಲಿ ಕೊಬ್ಬರಿ ಎಣ್ಣೆಯಾಗಲಿ ಹಾಕಿದರೆ ಅದು ಹರಿದು ಎಲೆಗಳಿಗೆ ಅಂಟಿ ಅವನ್ನು ಮುದ್ದೆ ಮಾಡುತ್ತದೆ.

ಎರಡನೆಯ ರೋಗ ಬೂಷ್ಟು. ನಮ್ಮ ನಗರದ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ ಬರುವ ಬೂಷ್ಟೇ ಗಾಜಿಗೂ ಬರುತ್ತದೆ, ಜೇಡನ ಬಲೆಯ ಹಾಗೆ. ಹೊಸದಾಗಿದ್ದರೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು ಹತ್ತಿಗೆ ತಾಗಿಸಿ ಮೆಲ್ಲಗೆ ಒರೆಸಿದರೆ ಹೋಗುತ್ತದೆ. ಬಹಳ ದಿನ ಇದ್ದು ಗಾಜಿನ ಲೇಪವನ್ನು ತಿಂದಿದ್ದರೆ ಕಲೆ ಉಳಿಯುತ್ತದೆ. ಅದನ್ನು ಉಜ್ಜಿ ತೆಗೆಯಲು ಹೋಗಬಾರದು. ಆ ಲೇಪದ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಬೂದಿ ಹಾಕಿ ಪಾತ್ರೆ ತಿಕ್ಕುವ ಕೈ ಇಲ್ಲಿ ಬೇಡ. ಸಣ್ಣ ಕಲೆ ಚಿತ್ರದಲ್ಲಿ ಕಾಣುವುದೇ ಇಲ್ಲ. ಆಮೇಲೆ ಮಸೂರವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಬಣ್ಣದ ಜೆಲ್ ವಿಷಕಾರಿ. ತಿನ್ನುವ ಪದಾರ್ಥದ ಹತ್ತಿರ, ಮಕ್ಕಳ ಕೈಗೆ ಸಿಗುವಲ್ಲಿ ಅದನ್ನು ಇಡಬೇಡಿ.

ಜೋಡಿಸಿ ಮುಗಿದ ಮೇಲೆ ದೂರದ ಫೋಕಸನ್ನು ಪರೀಕ್ಷಿಸಬೇಕು. ಅರ್ಧ ಕಿಲೋಮೀಟರಿಗಿಂತ ಆಚೆಯ ಒಂದು ಕಟ್ಟಡವನ್ನೋ, ಉಳಿದಿರುವ ಗಿರಣಿ ಚಿಮಣಿಯನ್ನೋ ನೋಡಿ, ಅದು ಹರಿತವಾಗಿ ಕಾಣುವಲ್ಲಿ ಉಂಗುರ ನಿಲ್ಲಬೇಕು. ಬಹಳ ಮಸೂರಗಳಲ್ಲಿ ಫೋಕಸ್ ಉಂಗುರವನ್ನು ಮೂರು ಸಣ್ಣ ತಿರುಪುಗಳು ಹಿಡಿದಿರುತ್ತವೆ. ಅವನ್ನು ಸಡಿಲಿಸಿ, ಉಂಗುರವನ್ನು ಸರಿಯಾದ ಜಾಗಕ್ಕೆ ತಿರುಗಿಸಿ, ಮತ್ತೆ ಬಿಗಿದರೆ ಸರಿ. ಹತ್ತನೆಯ ಒಂದು ಮಿಲಿಮೀಟರು ಹೆಚ್ಚಾದರೂ 58ರ ಮಸೂರ ಮೂವತ್ತು ಮೂವತ್ತೈದು ಮೀಟರಿನಾಚೆ ಮಂಕಾಗುತ್ತದೆ. ಇದು ನೋಡಿ, ಅಂದಾಜಿನ ಕೆಲಸವಲ್ಲ.

ಇಲ್ಲಿಯ ತನಕ ಹೇಳಿದ್ದು ದುರಸ್ತಿ. ಈಗ ಮಾರ್ಪಾಟು. ಇದರಲ್ಲಿ ಎರಡು ಬಗೆ: ಮರಳಿ ಮೊದಲಿನಂತೆ ಮಾಡಬಹುದಾದ್ದು, ಮಾಡಲಾಗದ್ದು. ಈ ಭೇದವೇ ನಮ್ಮ ಮಾತಿನ ತಿರುಳು.

ಮೊದಲ ಬಗೆಗೆ ಉದಾಹರಣೆ, ಕಿಂಡಿಯ ಉಂಗುರದ ಟಕ್ ಟಕ್ ಶಬ್ದ ತೆಗೆಯುವುದು. ಚಲಿಸುವ ಚಿತ್ರ ತೆಗೆಯುವವರಿಗೆ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಬದಲಾಗಬಾರದು, ಶಬ್ದವೂ ಬರಬಾರದು. ಉಂಗುರದ ಕೆಳಗೆ ಸಾಸಿವೆ ಕಾಳಿನಷ್ಟು ಉಕ್ಕಿನ ಗುಂಡೊಂದಿರುತ್ತದೆ. ಅದನ್ನು ತೆಗೆದರೆ ಉಂಗುರ ಬೆಣ್ಣೆಯಂತೆ ತಿರುಗುತ್ತದೆ. ಗುಂಡನ್ನು ಚೀಟಿಯಲ್ಲಿ ಕಟ್ಟಿ ಹೆಸರು ಬರೆದಿಡಿ. ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿರಿ, ಸ್ಪ್ರಿಂಗು ಅದನ್ನು ಎತ್ತ ಹಾರಿಸುವುದೋ ಹೇಳಲಾಗದು.

ಇನ್ನೊಂದು, ಎಂ 42 ಮಸೂರಗಳ ಹಿಂದಿನ ಕಡ್ಡಿ. ಕೆಲವದರಲ್ಲಿ ಈ ಕಡ್ಡಿಯನ್ನು ಹಿಂದಿನಿಂದ ಒತ್ತದೆ ಕಿಂಡಿ ಮುಚ್ಚುವುದಿಲ್ಲ. ಹೊಸ ಕ್ಯಾಮೆರಾದಲ್ಲಿ ಒತ್ತುವವರು ಯಾರು? ಒಳಅಂಚು ಇರುವ ಅಡಾಪ್ಟರನ್ನು ಕೊಂಡರೆ ಆ ಅಂಚೇ ಒತ್ತಿ ಹಿಡಿಯುತ್ತದೆ. ಕಡ್ಡಿಗೆ ಅಂಟು ಸುರಿಯುವವರಿದ್ದಾರೆ; ಅಡಾಪ್ಟರೇ ಲೇಸು.

ಮೂರನೆಯದು, ಹೀಲಿಯೋಸಿನ ಮುಂದಿನ ಗಾಜನ್ನು ಹಿಂದು ಮುಂದಾಗಿ ಹಾಕುವುದು. ಹೆಸರಿನ ಉಂಗುರ ತೆಗೆದು, ಮುಂದಿನ ಗಾಜನ್ನು ತಿರುವಿ ಕೂಡಿಸಿದರೆ ಚಿತ್ರದ ನಡುಭಾಗ ಒಂದಿಷ್ಟು ಉಳಿದು ಅಂಚುಗಳೆಲ್ಲ ಕರಗಿ ಸುಳಿದಂತೆ ಕಾಣುತ್ತವೆ. ತರುಣರಿಗೆ ಇದು ಬಹಳ ಪ್ರಿಯ. ಬೇಡವೆನಿಸಿದ ದಿನ ಮತ್ತೆ ತಿರುವಿ ಹಾಕಿದರೆ ಮೊದಲಿನಂತೆಯೇ.

ಎರಡನೆಯ ಬಗೆ ಅರದ ಕೆಲಸ. ನಿಕಾನ್ ಕಂಪನಿ 1977ರಲ್ಲಿ ಎಐ ಎಂಬ ಹೊಸ ಪದ್ಧತಿ ತಂದಿತು. ಅದಕ್ಕೆ ಹಿಂದಿನ ಮಸೂರಗಳನ್ನು ಮುಂದಿನ ಹಲವು ಕ್ಯಾಮೆರಾಗಳಿಗೆ ಹಾಕಿದರೆ ಕಿಂಡಿಯ ಉಂಗುರದ ಅಂಚು ಕ್ಯಾಮೆರಾದ ಸಣ್ಣ ನಾಲಗೆಯೊಂದಕ್ಕೆ ಒತ್ತಿ ಅದನ್ನು ಮುರಿಯಬಹುದು. ಕಂಪನಿಯೇ ಆಗ ಹೊಸ ಉಂಗುರ ಹಾಕಿಕೊಡುತ್ತಿತ್ತು. ಈಗ ಮನೆಯಲ್ಲಿ ಜನ ಆ ಉಂಗುರದ ಅಂಚನ್ನು ಅರದಿಂದ ಉಜ್ಜಿ ಇಳಿಸುತ್ತಾರೆ. ಮಾಡಬಾರದೆಂದು ನಾವು ಹೇಳುವುದಿಲ್ಲ. ಆದರೆ ಉಜ್ಜಿದ ಲೋಹ ಹಿಂದಕ್ಕೆ ಬರುವುದಿಲ್ಲ. ಮಾಡುವುದಿದ್ದರೆ ಉಂಗುರವನ್ನು ಮಸೂರದಿಂದ ಕಳಚಿಕೊಂಡೇ ಉಜ್ಜಬೇಕು, ಇಲ್ಲದಿದ್ದರೆ ಲೋಹದ ಪುಡಿ ಎಲೆಗಳ ನಡುವೆ ಸೇರುತ್ತದೆ. ಅಳೆದು, ಗುರುತು ಹಾಕಿ, ಮತ್ತೊಮ್ಮೆ ಅಳೆದು ಆಮೇಲೆ ಅರ ಹಿಡಿಯಬೇಕು. ಬೇರೆಯವರು ನಂಬಿ ಕೊಟ್ಟ ಮಸೂರಕ್ಕೆ ಅವರನ್ನು ಕೇಳದೆ ಅರ ತಾಗಿಸಕೂಡದು.

ಗಾಜಿಗೆ ಮಾತ್ರ ಯಾವ ಕಾರಣಕ್ಕೂ ಅರ ಸಾಣೆ ಬೇಡ. 1960ರ ದಶಕದ ಕೆಲವು ಮಸೂರಗಳಲ್ಲಿ, ಸೂಪರ್ ಟಕುಮಾರ್ 50 ಮಿಲಿಮೀಟರ್ ಎಫ್ 1.4ರ ಕೆಲವು ಮಾದರಿಗಳಲ್ಲಿ, ಥೋರಿಯಂ ಎಂಬ ವಿಕಿರಣ ಧಾತು ಬೆರೆತ ಗಾಜಿದೆ. ಅದರ ಪುಡಿ ಉಸಿರಿಗೆ ಹೋಗಬಾರದು. ಇಂಥ ಗಾಜು ವರ್ಷಗಳು ಕಳೆದಂತೆ ಚಹದ ಬಣ್ಣಕ್ಕೆ ತಿರುಗುತ್ತದೆ. ಕೆಲವು ದಿನ ಬಿಸಿಲಿಗೆ ಇಟ್ಟರೆ ಬಣ್ಣ ತಿಳಿಯಾಗುತ್ತದೆ. ಬಿಸಿಲಿಗೆ ಇಡುವಾಗ ಭೂತಗನ್ನಡಿಯ ಮಾತು ನೆನಪಿರಲಿ: ಹಿಂದೆ ಬಟ್ಟೆ, ಕಾಗದ ಇದ್ದರೆ ಹೊತ್ತಿಕೊಂಡೀತು. ಹಿಂಭಾಗಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ನೀವು ಹತ್ತಿರವೇ ಇರಿ.

ಒಂದೆರಡು ನಿಷ್ಠುರದ ಮಾತು. ಇದರಿಂದ ಹಣ ಬರುತ್ತದೆಂದು ನಾವು ಆಸೆ ಹುಟ್ಟಿಸುವುದಿಲ್ಲ. ಮದುವೆಯ ಫೋಟೋ ತೆಗೆಯುವವರಿಗೆ ತಾನಾಗಿ ಫೋಕಸ್ ಆಗುವ ಹೊಸ ಮಸೂರವೇ ಬೇಕು. ಓಡಾಡುವ ಜನರ ಹಿಂದೆ ಕೈಯಿಂದ ಉಂಗುರ ತಿರುಗಿಸಿ ಗೆಲ್ಲುವುದು ಕಷ್ಟ. ಹಳೆಯ ಮಸೂರದ ಎದುರು ಕೂತವರು ಒಂದು ಗಳಿಗೆ ತಾಳ್ಮೆಯಿಂದ ಕೂರಬೇಕು, ತೆಗೆಯುವವರೂ ಕಾಯಬೇಕು. ಕ್ಯಾಮೆರಾದ ಪಟ್ಟಿಯಲ್ಲಿ ಮಸೂರವಿಲ್ಲದೆಯೂ ಷಟರ್ ಬಿಡುವ ಅನುಮತಿಯೊಂದಿರುತ್ತದೆ, ಅದನ್ನು ಕೊಡದಿದ್ದರೆ ಕ್ಯಾಮೆರಾ ಹಠ ಹಿಡಿಯುತ್ತದೆ. ಇನ್ನೊಂದು, ಒಂದನ್ನು ಸರಿಮಾಡಿದ ಉತ್ಸಾಹದಲ್ಲಿ ಹತ್ತು ಕೊಳ್ಳುವ ಚಟ ಬಹಳ ಮಂದಿಗೆ ಹತ್ತುತ್ತದೆ. ಒಂದು ಮಸೂರ, ಒಂದು ಅಡಾಪ್ಟರ್, ಒಂದು ವರ್ಷ. ಅಷ್ಟು ಸಾಕು.

"ಬಿಚ್ಚಬೇಡಿ, ಹೊಸದು ಕೊಳ್ಳಿ" ಎಂಬ ಮಾತನ್ನು ನಾವು ಎಲ್ಲ ಅಂಗಡಿಗಳಲ್ಲೂ ಕೇಳುತ್ತೇವೆ. ಆ ಮಾತಿನೊಳಗೆ ಇನ್ನೊಂದು ಮಾತು ಅಡಗಿದೆ: ಇದು ನಿಮಗೆ ತಿಳಿಯುವ ಕೆಲಸವಲ್ಲ ಎಂದು. ಕಳೆದ ಕಾಲದಲ್ಲಿ ಈ ಮಸೂರಗಳನ್ನು ಜೋಡಿಸಿದವರು ಯಾರು? ಕಾರ್ಖಾನೆಯ ಮೇಜಿನ ಮುಂದೆ ಕೂತ ಕಾರ್ಮಿಕರೇ. ಅವರು ಬಿಗಿದ ತಿರುಪನ್ನು ಇನ್ನೊಬ್ಬ ಕಾರ್ಮಿಕ ಬಿಚ್ಚಬಲ್ಲ, ಅದೇ ಜಾಗಕ್ಕೆ ಮತ್ತೆ ಬಿಗಿಯಬಲ್ಲ. ಬೇಕಾದದ್ದು ಅಳತೆ, ಕ್ರಮ, ತಾಳ್ಮೆ. ಸರಿಯಾದ ಹೊತ್ತಿನಲ್ಲಿ ಕೈ ನಿಲ್ಲಿಸುವ ವಿವೇಕ. ಇವು ನಮ್ಮಲ್ಲಿ ಇಲ್ಲದ ಸರಕಲ್ಲ.

ಕೊನೆಯದಾಗಿ ಸಂಘದ ಮುಂದೆ ಒಂದು ಸೂಚನೆ. ಪ್ರತಿಯೊಬ್ಬರೂ ಬೇರೆ ಬೇರೆ ಉಪಕರಣ ಕೊಳ್ಳುವ ಬದಲು ವಾಚನಾಲಯದ ಬೀರುವಿನಲ್ಲಿ ಒಂದು ಪೆಟ್ಟಿಗೆ ಇರಲಿ: ಒಂದು ಕಟ್ಟು ತಿರುಪುಳಿ, ಒಂದು ಸ್ಪ್ಯಾನರ್, ಒಂದು ಅಡಾಪ್ಟರ್, ಒಂದು ಹೀಲಿಯೋಸ್. ಪುಸ್ತಕ ಎರವಲು ಕೊಡುವಂತೆ ಸಹಿ ಹಾಕಿಸಿಕೊಂಡು ಕೊಡೋಣ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಇದೇ ಮೇಜಿನ ಮೇಲೆ ಕಲಿಸಲು ನಾವು ಸಿದ್ಧರಿದ್ದೇವೆ. ಮತ್ತು ಆ ಮಸೂರದಿಂದ ಮೊದಲು ತೆಗೆಯಬೇಕಾದ್ದು ಗೇಟ್‌ವೇಯ ಚಿತ್ರವನ್ನಲ್ಲ. ನಮ್ಮ ಹಳೆಯ ಗಿರಣಿಯವರನ್ನು, ನಮ್ಮ ಭಟ್ಟರನ್ನು, ಪಾತ್ರೆ ತೊಳೆಯುವ ನಮ್ಮ ಹುಡುಗರನ್ನು ಒಬ್ಬೊಬ್ಬರಾಗಿ ಅವರ ಕೆಲಸದ ಜಾಗದಲ್ಲೋ ಮನೆಯ ಬಾಗಿಲಲ್ಲೋ ಕೂರಿಸಿ, ಅವರ ಒಪ್ಪಿಗೆ ಪಡೆದು, ಹೆಸರು, ಊರು, ಮಾಡಿದ ಕೆಲಸ ಬರೆದು ಚಿತ್ರ ತೆಗೆಯೋಣ. ಒಂದು ಪ್ರತಿ ಅವರಿಗೆ, ಒಂದು ಪ್ರತಿ ಸಂಘಕ್ಕೆ.

 ನಾಳೆ ಬೆಳಗಿನ ಪಾಳಿಯವರು ಬೇಗ ಹೊರಡಬೇಕೆಂಬುದನ್ನು ಬಲ್ಲೆವು. ಪ್ರಶ್ನೆಗಳಿದ್ದವರು ಉಳಿಯಲಿ, ಮೇಜಿನ ಮೇಲೆ ಒಂದು ಮಸೂರವನ್ನು ಬಿಚ್ಚಿಯೇ ಇಟ್ಟಿದ್ದೇವೆ.